ಹೆಪ್ಪುಗಟ್ಟಿದ ಕೆರೆಯ ಮೇಲೊಂದು ಹಳೆಯ ವಿಮಾನ: ಸ್ಕೀ ಕಟ್ಟುವುದರಿಂದ ಬಿಚ್ಚುವವರೆಗೆ

ಅಮೆರಿಕದ ಉತ್ತರದ ಮಿನೆಸೋಟ ರಾಜ್ಯದಲ್ಲಿ ಡಿಸೆಂಬರ್ ಎರಡನೆಯ ವಾರ ಬಂತೆಂದರೆ ನಮ್ಮ ಹ್ಯಾಂಗರಿನಲ್ಲಿ, ಅಂದರೆ ವಿಮಾನದ ಕೊಟ್ಟಿಗೆಯಲ್ಲಿ, ಒಂದೇ ಪ್ರಶ್ನೆ ಸುತ್ತುತ್ತಿರುತ್ತದೆ: ಕೆರೆ ಎಷ್ಟು ದಪ್ಪ ಕಟ್ಟಿದೆ? ಗಾಳಿ, ಎಂಜಿನ್, ಪೆಟ್ರೋಲು ಎಲ್ಲ ಆಮೇಲಿನ ಮಾತು. ನಾವು ಮೂವರು ಪಾಲು ಹಾಕಿಕೊಂಡು 1946ರ ಏರೋಂಕಾ ಚಾಂಪ್ ವಿಮಾನವೊಂದನ್ನು ಸಾಕುತ್ತಿದ್ದೇವೆ. ಒಬ್ಬರು ಹಸು ಕಟ್ಟಿ ಹಾಲು ಮಾರಿ ನಿವೃತ್ತರಾದ ರೈತರು, ಇನ್ನೊಬ್ಬರು ಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಷ್ಟರಮ್ಮ, ಮೂರನೆಯವನು ಹಾಸನದ ಕಡೆಯಿಂದ ಬಂದು ಮೊದಲ ಚಳಿಗಾಲಕ್ಕೇ ಊರಿಗೆ ಓಡಿಹೋಗಬೇಕೆಂದುಕೊಂಡಿದ್ದ ನಾನು. ಅನುಭವದಲ್ಲಿ ರೈತರೇ ಹಿರಿಯರು. ಕೆಳಗೆ ಬರೆದಿರುವುದರಲ್ಲಿ ಅರ್ಧ ಅವರಿಂದ ಕಲಿತದ್ದು, ಇನ್ನರ್ಧ ಅವರ ಮಾತು ಕೇಳದೆ ಕಲಿತದ್ದು.

ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಚಕ್ರದ ಬದಲು ಹಾಕುವ ಉದ್ದ ಹಲಗೆ, ಕಟ್ಟಿದ ವಿಮಾನ ಆಕಾಶದಲ್ಲಿ ಹೆಚ್ಚುಕಡಿಮೆ ಚಕ್ರದ ವಿಮಾನದಂತೆಯೇ ಹಾರುತ್ತದೆ. ವಿದ್ಯೆಯೆಲ್ಲ ಬೇಕಾಗುವುದು ಅದು ನೆಲ ಮುಟ್ಟಿದ ಮೇಲೆ. ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿದ ಜಾಗದಿಂದ ಹೇಗೆ ಕಿತ್ತುಕೊಂಡು ಹೊರಡಬೇಕು ಎಂಬುದನ್ನು ಇಳಿಯುವ ಮೊದಲೇ ತೀರ್ಮಾನಿಸಿರಬೇಕು. ಹಾಗಾಗಿ ಇದು ಹಾರಲು ಕಲಿಸುವ ಬರಹವಲ್ಲ. ನಿಮ್ಮ ಬಳಿ ಪೈಲಟ್ ಲೈಸೆನ್ಸ್ ಇದೆ, ಬಾಲಚಕ್ರದ (ಮೂರನೆಯ ಪುಟ್ಟ ಚಕ್ರ ಬಾಲದಡಿ ಇರುವ) ವಿಮಾನ ಹಾರಿಸುವ ಅನುಮತಿ ದಾಖಲಾಗಿದೆ ಎಂದುಕೊಂಡಿದ್ದೇನೆ. ಅಮೆರಿಕದಲ್ಲಿ ಸ್ಕೀಗೆಂದು ಬೇರೆ ಪರವಾನಗಿ ಇಲ್ಲ. ಪರವಾನಗಿ ಬೇಡವೆಂದ ಮಾತ್ರಕ್ಕೆ ಗುರು ಬೇಡವೆಂದಲ್ಲ. ಮೊದಲ ನಾಲ್ಕೈದು ಗಂಟೆ ಸ್ಕೀ ಗೊತ್ತಿರುವವರೊಬ್ಬರು ಜೊತೆಗೆ ಕೂತಿರಲಿ.

ಯಾವ ವಿಮಾನ

ಹಗುರವಾಗಿರಬೇಕು, ರೆಕ್ಕೆ ಮೇಲಿರಬೇಕು, ಬಾಲಚಕ್ರ ಇರಬೇಕು. ರೆಕ್ಕೆ ಮೇಲಿದ್ದರೆ ಹಿಮದ ದಿಬ್ಬಕ್ಕೆ ತಾಗುವುದಿಲ್ಲ. ಎರಡನೆಯ ಮಹಾಯುದ್ಧದ ಆಚೀಚೆ ಅಮೆರಿಕದಲ್ಲಿ ತಯಾರಾದ ಬಟ್ಟೆ ಹೊದಿಸಿದ ಎರಡು ಸೀಟಿನ ವಿಮಾನಗಳೇ ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಪೈಪರ್ ಜೆ-3 ಕಬ್, ಏರೋಂಕಾ ಚಾಂಪ್, ಟೇಲರ್‌ಕ್ರಾಫ್ಟ್ ಬಿಸಿ-12ಡಿ, ಮೂರರಲ್ಲೂ ಸಾಮಾನ್ಯವಾಗಿ ಇರುವುದು 65 ಅಶ್ವಶಕ್ತಿಯ ಕಾಂಟಿನೆಂಟಲ್ ಎ-65 ಎಂಜಿನ್. ಕಬ್ ಮತ್ತು ಚಾಂಪ್ ಎರಡಕ್ಕೂ ತುಂಬಿದ ತೂಕದ ಮಿತಿ 1220 ಪೌಂಡ್, ಅಂದರೆ ಸುಮಾರು 553 ಕಿಲೋ. ಚಿಕ್ಕ ಕಾರೊಂದಕ್ಕಿಂತ ಕಡಿಮೆ. ಮಂಜುಗಡ್ಡೆಯ ಮೇಲೆ ನಿಂತಾಗ ಈ ಲೆಕ್ಕ ಮನಸ್ಸಿಗೆ ಸಮಾಧಾನ ಕೊಡುತ್ತದೆ.

ಕಬ್‌ಗೆ ಹೆಸರು ಹೆಚ್ಚು, ಬೆಲೆಯೂ ಹೆಚ್ಚು. ನನ್ನ ಓಟು ಚಾಂಪ್‌ಗೆ. ಕಬ್ ವಿಮಾನವನ್ನು ಒಬ್ಬರೇ ಹಾರಿಸುವಾಗ ಹಿಂದಿನ ಸೀಟಿನಲ್ಲಿ ಕೂರಬೇಕು, ವಿಮಾನದ ಮೂಗು ಅಡ್ಡ ಬರುತ್ತದೆ. ಚಾಂಪ್‌ನಲ್ಲಿ ಮುಂದೆ ಕೂರುತ್ತೇವೆ, ಎದುರಿನ ಹಿಮ ಕಾಣುತ್ತದೆ, ಪಕ್ಕದ ಕಿಟಕಿಯಿಂದ ಬಗ್ಗಿದರೆ ಸ್ಕೀಯ ಮೂತಿಯೂ ಕಾಣುತ್ತದೆ.

ಕನ್ನಡಿಗರಿಗೆ ಇಲ್ಲೊಂದು ನಂಟಿದೆ. ಚಾಂಪ್‌ನ ಒಡಹುಟ್ಟು ಏರೋಂಕಾ ಚೀಫ್, ಅಕ್ಕಪಕ್ಕ ಸೀಟಿನದು. ಅದೇ ಚೀಫ್‌ನ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಎಚ್‌ಎಎಲ್ ಪುಷ್ಪಕ್ ತಯಾರಿಸಿತು. 1958ರಲ್ಲಿ ಮೊದಲು ಹಾರಿದ ಪುಷ್ಪಕ್‌ಗೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. ಭಾರತದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಒಂದು ತಲೆಮಾರಿನ ಪೈಲಟ್‌ಗಳು ಕಲಿತದ್ದು ಅದರಲ್ಲೇ. ನಮ್ಮ ಚಾಂಪ್‌ನ ಬಟ್ಟೆ ಬಿಚ್ಚಿ ಉಕ್ಕಿನ ಕೊಳವೆಯ ಹಂದರ ನೋಡಿದ ದಿನ ನನಗೆ ಅದು ಪರದೇಶದ ವಸ್ತು ಅನಿಸಲಿಲ್ಲ.

ಸ್ಕೀ ಮತ್ತು ಅದರ ಹಗ್ಗಗಳು

ಸ್ಕೀಗಳಲ್ಲಿ ಮುಖ್ಯವಾಗಿ ಮೂರು ಬಗೆ. ಚಕ್ರ ಬಿಚ್ಚಿ ಅದೇ ಅಚ್ಚಿಗೆ ಕೂರಿಸುವ ನೇರ ಸ್ಕೀ. ನಡುವಿನ ಸಂದಿನಿಂದ ಚಕ್ರ ಸ್ವಲ್ಪ ಕೆಳಗೆ ಚಾಚಿಕೊಂಡಿರುವ ಸ್ಕೀ. ಪಂಪು ಹೊಡೆದು ಮೇಲೆ ಕೆಳಗೆ ಮಾಡುವ ಹೈಡ್ರಾಲಿಕ್ ಸ್ಕೀ. 65 ಅಶ್ವಶಕ್ತಿಗೆ ನೇರ ಸ್ಕೀಯೇ ಸರಿ. ಉಳಿದೆರಡರ ತೂಕ ಹೊತ್ತು ತಿರುಗುವ ತ್ರಾಣ ಈ ಎಂಜಿನ್ನಿಗಿಲ್ಲ. ಹಳೆಯ ವಿಮಾನಗಳಲ್ಲಿ ಹೆಚ್ಚಾಗಿ ಕಾಣುವುದು ಮಿನಿಯಾಪೊಲಿಸ್‌ನಲ್ಲೇ ತಯಾರಾಗುತ್ತಿದ್ದ ಫೆಡರಲ್ ಸ್ಕೀಗಳು. ಎಪ್ಪತ್ತು ವರ್ಷದ ಜೋಡಿಗಳು ಈಗಲೂ ಕೊಟ್ಟಿಗೆಗಳಲ್ಲಿ ಸಿಗುತ್ತವೆ. ಕೊಳ್ಳುವ ಮುನ್ನ ಒಂದು ಮಾತು: ಆ ಮಾದರಿಯ ಸ್ಕೀ ನಿಮ್ಮ ವಿಮಾನದ ಪ್ರಮಾಣಪತ್ರದ ಪಟ್ಟಿಯಲ್ಲಿದೆಯೇ ನೋಡಿ. ಪಟ್ಟಿಯಲ್ಲಿಲ್ಲದ ಅಗ್ಗದ ಸ್ಕೀ ಕೊನೆಗೆ ದುಬಾರಿಯಾಗುತ್ತದೆ.

ಮೊದಲ ಸಲ ಕೂರಿಸುವ ಕೆಲಸ, ತೂಕ ಮತ್ತು ಸಮತೋಲದ ಹೊಸ ಲೆಕ್ಕ, ಕಾಗದಪತ್ರ ಇವು ತಪಾಸಣೆಯ ಅಧಿಕಾರವಿರುವ ಮೆಕ್ಯಾನಿಕ್‌ನ ಪಾಲು. ಆಮೇಲೆ ನಮ್ಮ ಕೈಗೂ ಕೆಲಸ ಸಿಗುತ್ತದೆ. ಅಮೆರಿಕದ ವಾಯುಯಾನ ನಿಯಮಗಳ 43ನೆಯ ಭಾಗದಲ್ಲಿ ಮಾಲೀಕ ಪೈಲಟ್ ತಾನೇ ಮಾಡಬಹುದಾದ ಸಣ್ಣ ಕೆಲಸಗಳ ಪಟ್ಟಿಯಿದೆ: ಲ್ಯಾಂಡಿಂಗ್ ಗೇರಿನ ರಬ್ಬರ್ ಹಗ್ಗ ಬದಲಿಸುವುದು, ತೂಕದ ಮರುಲೆಕ್ಕ ಬೇಡದಿದ್ದಾಗ ಚಕ್ರ ಮತ್ತು ಸ್ಕೀ ಬದಲಿಸುವುದು, ಬಟ್ಟೆಗೆ ಸರಳ ತೇಪೆ ಹಾಕುವುದು. ಎರಡು ತೂಕದ ಹಾಳೆ, ಒಂದು ಚಕ್ರಕ್ಕೆ ಒಂದು ಸ್ಕೀಗೆ, ಮೊದಲೇ ಮಾಡಿಸಿಟ್ಟುಕೊಂಡರೆ ಪ್ರತಿ ವರ್ಷದ ಅದಲುಬದಲು ಒಂದು ಮಧ್ಯಾಹ್ನದ ಕೆಲಸ.

ಈಗ ಹಗ್ಗಗಳು. ಸ್ಕೀ ಅಚ್ಚಿನ ಮೇಲೆ ಏತದಂತೆ ಮೇಲೆ ಕೆಳಗೆ ತೂಗುತ್ತದೆ. ಹಾರುವಾಗ ಅದರ ಮೂತಿ ಎಲ್ಲಿರಬೇಕೆಂದು ಹೇಳುವುದಕ್ಕೆ ಪ್ರತಿ ಸ್ಕೀಗೂ ಮೂರು ಕಟ್ಟುಗಳು. ಮುಂದೆ ಬಂಜೀ, ಅಂದರೆ ಎಳೆದರೆ ಹಿಗ್ಗುವ ರಬ್ಬರ್ ಹಗ್ಗ. ಅದು ಮೂತಿಯನ್ನು ಸದಾ ಮೇಲಕ್ಕೆ ಎಳೆಯುತ್ತಿರುತ್ತದೆ. ಹಿಂದೆ ಉಕ್ಕಿನ ಕೇಬಲ್. ಬಂಜೀಯ ಎಳೆತಕ್ಕೆ ಮೂತಿ ಮಿತಿಮೀರಿ ಏಳದಂತೆ ಅದು ಹಿಮ್ಮಡಿಯನ್ನು ಹಿಡಿಯುತ್ತದೆ. ಮುಂದೆಯೇ ಇನ್ನೊಂದು ಕೇಬಲ್ ಸಡಿಲವಾಗಿ ಜೋತುಬಿದ್ದಿರುತ್ತದೆ. ಮಾಮೂಲು ದಿನಗಳಲ್ಲಿ ಅದಕ್ಕೆ ಕೆಲಸವಿಲ್ಲ. ಬಂಜೀ ತುಂಡಾದ ದಿನ ಪ್ರಾಣ ಉಳಿಸುವುದು ಅದೇ. ಅದಿಲ್ಲದಿದ್ದರೆ ಗಾಳಿ ಸ್ಕೀಯನ್ನು ಮೂತಿ ಕೆಳಗಾಗಿ ನೆಟ್ಟಗೆ ನಿಲ್ಲಿಸಿಬಿಡುತ್ತದೆ, ವಿಮಾನಕ್ಕೆ ಬಾಗಿಲಿನಷ್ಟು ದೊಡ್ಡ ಹಲಗೆ ಅಡ್ಡ ಹಿಡಿದಂತಾಗುತ್ತದೆ.

ಕಟ್ಟುವ ಕ್ರಮ ಹೀಗೆ. ವಿಮಾನವನ್ನು ಜಾಕಿನ ಮೇಲೆತ್ತಿ, ಬಾಲವನ್ನು ಹಾರುವ ಭಂಗಿಗೆ ಏರಿಸಿ ಸಮತಟ್ಟು ಮಾಡಿ. ಸ್ಕೀ ಕೂರಿಸಿ, ಅಚ್ಚಿಗೆ ಗ್ರೀಸ್ ಹಾಕಿ, ನಟ್ಟಿಗೆ ಪಿನ್ನು ಚುಚ್ಚಿ. ಮೊದಲು ಹಿಂದಿನ ಕೇಬಲ್ಲು, ಆಮೇಲೆ ಮುಂದಿನ ಸುರಕ್ಷಾ ಕೇಬಲ್ಲು, ಕೊನೆಯಲ್ಲಿ ಬಂಜೀ. ಸ್ಕೀ ಎಷ್ಟು ಡಿಗ್ರಿ ಮೇಲೆ, ಎಷ್ಟು ಡಿಗ್ರಿ ಕೆಳಗೆ ಹೋಗಬಹುದೆಂದು ಅದರ ಕಾಗದದಲ್ಲೇ ಇರುತ್ತದೆ. ಕೋನಮಾಪಕ ಇಟ್ಟು ಅಳೆಯಿರಿ, ಕಣ್ಣಳತೆ ಬೇಡ. ಎರಡೂ ಕಡೆ ಒಂದೇ ಅಳತೆ ಬರಬೇಕು. ಆಮೇಲೆ ಮೂತಿಯ ಮೇಲೆ ನಿಮ್ಮ ಭಾರ ಬಿಟ್ಟು ಒತ್ತಿ, ಕೈ ಬಿಡಿ. ಪಟ್ಟನೆ ಮೇಲೆ ಹಾರಬೇಕು. ಸೋಮಾರಿಯಂತೆ ಎದ್ದರೆ ಬಂಜೀ ಬದಲಿಸಿ.

ಇಲ್ಲೊಂದು ಮೋಸವಿದೆ. ಬೆಚ್ಚಗಿನ ಹ್ಯಾಂಗರಿನಲ್ಲಿ ಚುರುಕಾಗಿದ್ದ ಬಂಜೀ ಹೊರಗಿನ ಚಳಿಯಲ್ಲಿ ಸೆಟೆದು ಸೋಮಾರಿಯಾಗುತ್ತದೆ. ಆದ್ದರಿಂದ ವಿಮಾನ ಒಂದು ಗಂಟೆ ಹೊರಗೆ ನಿಂತ ಮೇಲೆ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಮೊದಲ ಹಾರಾಟ ವಿಮಾನ ನಿಲ್ದಾಣದ ಸುತ್ತಲೇ ಇರಲಿ. ವೇಗ ನಿಧಾನವಾಗಿ ಏರಿಸುತ್ತ ಸ್ಕೀಗಳನ್ನು ಕಣ್ಣಾರೆ ನೋಡಿ. ನಡುಗುತ್ತಿದ್ದರೆ ಇಳಿಯಿರಿ.

ತಳಕ್ಕೆ ದಪ್ಪ ಪಾಲಿಎಥಿಲೀನ್ ಹಾಳೆ ಹೊಡೆಸಿಕೊಳ್ಳುವುದು ನಮ್ಮ ಪ್ರಕಾರ ಐಷಾರಾಮವಲ್ಲ, ಅಗತ್ಯ. ಬರಿಯ ಲೋಹ ಹಿಮಕ್ಕೆ ಅಂಟಿದಷ್ಟು ಅದು ಅಂಟುವುದಿಲ್ಲ. ತಳದ ನಡುವೆ ಉದ್ದಕ್ಕೆ ಲೋಹದ ಪಟ್ಟಿಗಳಿರುತ್ತವೆ. ಬರಿ ಮಂಜುಗಡ್ಡೆಯ ಮೇಲೆ ವಿಮಾನ ಅಡ್ಡಡ್ಡ ಜಾರದಂತೆ ಹಿಡಿಯುವುದು ಅವೇ. ಸವೆದಿದ್ದರೆ ಹೊಸದು ಹಾಕಿ. ಬಾಲಕ್ಕೂ ಪುಟ್ಟ ಸ್ಕೀ ಇದೆ. ತುಳಿದು ಗಟ್ಟಿಯಾದ ಹಿಮದಲ್ಲಿ ಬಾಲಚಕ್ರವೇ ಸಾಕು, ಆಳವಾದ ಹಿಮದಲ್ಲಿ ಅದು ನೇಗಿಲಿನಂತೆ ಹೂಳುತ್ತದೆ.

ಎಂಜಿನ್ನಿಗೆ ಕಂಬಳಿ

ಕಾಂಟಿನೆಂಟಲ್ ಎಂಜಿನ್ನುಗಳಿಗೆ ಸೊನ್ನೆಗಿಂತ 7 ಡಿಗ್ರಿ ಕೆಳಗಿಳಿದರೆ ಮೊದಲು ಕಾಯಿಸಿ ಆಮೇಲೆ ಸ್ಟಾರ್ಟ್ ಮಾಡಬೇಕೆಂಬುದು ನಿಯಮ. ಆ ಚಳಿಯಲ್ಲಿ ಎಣ್ಣೆ ಜೋನಿ ಬೆಲ್ಲದಂತೆ ಗಟ್ಟಿಯಾಗಿರುತ್ತದೆ. ಎಂಜಿನ್ ತಿರುಗಿದರೂ ಬೇರಿಂಗುಗಳಿಗೆ ಎಣ್ಣೆ ತಲುಪುವುದಿಲ್ಲ. ಹಿಂದಿನ ಅಲಾಸ್ಕ ಪೈಲಟ್‌ಗಳು ರಾತ್ರಿ ಎಂಜಿನ್ ಬಿಸಿಯಿರುವಾಗಲೇ ಎಣ್ಣೆಯನ್ನು ಡಬ್ಬಕ್ಕೆ ಇಳಿಸಿ ಗುಡಿಸಲೊಳಗೆ ಒಲೆಯ ಪಕ್ಕ ಇಡುತ್ತಿದ್ದರು, ಬೆಳಿಗ್ಗೆ ಬಿಸಿ ಎಣ್ಣೆ ಸುರಿದು ಹೊರಡುತ್ತಿದ್ದರು. ನಾವು ಕರೆಂಟು ಇದ್ದಲ್ಲಿ ಎಣ್ಣೆತೊಟ್ಟಿಗೆ ಹೀಟರ್ ಹಚ್ಚುತ್ತೇವೆ, ಇಲ್ಲದಲ್ಲಿ ಗ್ಯಾಸ್ ಬರ್ನರಿನ ಬಿಸಿಗಾಳಿಯನ್ನು ತಗಡಿನ ಕೊಳವೆಯಿಂದ ಒಳಗೆ ಹಾಯಿಸುತ್ತೇವೆ. ಮೇಲೆ ದಪ್ಪ ಹೊದಿಕೆ. ಬರ್ನರ್ ಉರಿಯುತ್ತಿರುವಾಗ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಅಲ್ಲೇ ನಿಂತಿರಬೇಕು, ಕಾಫಿಗೆ ಹೋಗಕೂಡದು. ಬಟ್ಟೆಯ ವಿಮಾನ ಉರಿಯಲು ಹೆಚ್ಚು ಹೊತ್ತು ಬೇಡ.

ಹೆಚ್ಚಿನವರು ಮರೆಯುವುದು ಎಂಜಿನ್ನಿನ ಉಸಿರುಕೊಳವೆಯನ್ನು. ಒಳಗಿನ ಆವಿ ಹೊರಬರುವ ಈ ಸಣ್ಣ ಕೊಳವೆಯ ತುದಿ ಕಟುಚಳಿಯಲ್ಲಿ ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಒತ್ತಡ ಏರಿ ಮುಂದಿನ ಸೀಲು ಕಿತ್ತು ಎಣ್ಣೆಯೆಲ್ಲ ಹೊರಗೆ ಸುರಿಯುತ್ತದೆ. ಬಿಸಿಯಿರುವ ಎಂಜಿನ್ ಗೂಡಿನೊಳಗೇ, ಕೊಳವೆಯ ಮೇಲ್ಭಾಗದಲ್ಲಿ ಒಂದು ಸೀಳು ಇದ್ದರೆ ತುದಿ ಕಟ್ಟಿದರೂ ಉಸಿರಾಡಲು ದಾರಿಯಿರುತ್ತದೆ. ಅದು ಇದೆಯೇ ಎಂದು ಮೆಕ್ಯಾನಿಕ್‌ನನ್ನು ಕೇಳಿ.

ಕ್ಯಾಬಿನ್ ಹೀಟರ್ ಬಗ್ಗೆ ಹೇಳಲು ಹೆಚ್ಚಿಲ್ಲ, ಅದು ಬೆಚ್ಚಗೆ ಮಾಡುವುದೂ ಹೆಚ್ಚಿಲ್ಲ. ಆದರೆ ಆ ಬಿಸಿ ಬರುವುದು ಹೊಗೆಕೊಳವೆಯ ಸುತ್ತಲಿಂದ. ಹಳೆಯ ಕೊಳವೆಯಲ್ಲಿ ಬಿರುಕಿದ್ದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅಲಾರಂ ಇರುವ ಪತ್ತೆಯಂತ್ರ ಇಡಿ.

ರೆಕ್ಕೆಯ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಒಂದಿಷ್ಟೂ ಇರಕೂಡದು. ನೋಡಲು ಸಕ್ಕರೆ ಉದುರಿಸಿದಂತಿರುತ್ತದೆ, ಆದರೆ ರೆಕ್ಕೆಯ ಎತ್ತುವ ಬಲವನ್ನೇ ಕದಿಯುತ್ತದೆ. ಮೃದುವಾದ ಪೊರಕೆಯಿಂದ ಗುಡಿಸಿ, ಉದ್ದ ಹಗ್ಗವನ್ನು ಇಬ್ಬರು ಅತ್ತಿತ್ತ ಎಳೆದು ಉಜ್ಜಿ. ಕೆರೆಯಬೇಡಿ, ತಟ್ಟಬೇಡಿ, ಚಳಿಗೆ ಬಟ್ಟೆಯ ಮೇಲಿನ ಲೇಪವೂ ಪ್ಲಾಸ್ಟಿಕ್ ಗಾಜೂ ಹಪ್ಪಳದಂತೆ ಒಡೆಯುತ್ತವೆ.

ಕೈಯಿಂದ ತಿರುಗಿಸುವುದು

ಇವಕ್ಕೆ ಬ್ಯಾಟರಿಯಿಲ್ಲ, ಸ್ಟಾರ್ಟರ್ ಇಲ್ಲ. ಪ್ರೊಪೆಲ್ಲರನ್ನು ಕೈಯಿಂದ ಎಳೆಯಬೇಕು. ಬೇಸಿಗೆಯಲ್ಲಿ ಇದಕ್ಕೆ ಬ್ರೇಕು, ಚಕ್ರಕ್ಕೆ ಕೊಡುವ ಕಟ್ಟೆ ಎರಡೂ ಇರುತ್ತವೆ. ಸ್ಕೀಗೆ ಎರಡೂ ಇಲ್ಲ. ಆದ್ದರಿಂದ ಬಾಲವನ್ನು ಮರಕ್ಕೋ ಮಂಜುಗಡ್ಡೆಗೆ ಕೊರೆದ ಗೂಟಕ್ಕೋ ಹಗ್ಗದಿಂದ ಕಟ್ಟಿ, ಕಾಕ್‌ಪಿಟ್ಟಿನಲ್ಲಿ ತಿಳಿದವರೊಬ್ಬರನ್ನು ಕೂರಿಸಿ. ಒಬ್ಬರೇ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ.

ಎಳೆಯುವವರು ಕುತ್ತಿಗೆಯ ಮಫ್ಲರ್ ತೆಗೆದಿಡಬೇಕು, ಜೋತಾಡುವ ಕೈಗವಸು ಬೇಡ. ಕಾಲಡಿಯ ಹಿಮವನ್ನು ಸಲಿಕೆಯಿಂದ ಕೆರೆದು ಒರಟು ಮಾಡಿ, ಬರಿ ಮಂಜುಗಡ್ಡೆಯಾದರೆ ಬೂದಿಯನ್ನೋ ಮರಳನ್ನೋ ಚೆಲ್ಲಿ. ಹೊರಗಿನವರು “ಸ್ವಿಚ್ ಆಫ್” ಎಂದರೆ ಒಳಗಿನವರು ಸ್ವಿಚ್ ಮುಟ್ಟಿ ನೋಡಿ ಅದನ್ನೇ ಮರಳಿ ಹೇಳಬೇಕು. ನಾಲ್ಕಾರು ಸುತ್ತು ತಿರುಗಿಸಿದ ಮೇಲೆ “ಕಾಂಟ್ಯಾಕ್ಟ್”, ಅಂದರೆ ಸ್ವಿಚ್ ಆನ್, ಅದಕ್ಕೂ ಮರುನುಡಿ. ಸ್ವಿಚ್ ಆಫ್ ಎಂದು ಎಷ್ಟು ಸಲ ಕೂಗಿದ್ದರೂ ಪ್ರೊಪೆಲ್ಲರ್ ಯಾವಾಗಲೂ ಜೀವಂತವಿದೆ ಎಂದೇ ತಿಳಿಯಬೇಕು. ಎಂಜಿನ್ನಿಗೆ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಆರಿಸುವ ಒಂದು ತಂತಿ ಚಳಿಗೆ ತುಂಡಾಗಿದ್ದರೆ ಸ್ವಿಚ್ಚಿಗೆ ಅರ್ಥವೇ ಇರುವುದಿಲ್ಲ.

ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು, ಮತ್ತೆ ಎಷ್ಟು ಎಳೆದರೂ ಉಸಿರಿಲ್ಲ ಎನ್ನಿ. ಉರಿದ ಪೆಟ್ರೋಲಿನ ತೇವ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿ ಹೆಪ್ಪುಗಟ್ಟಿದೆ ಎಂದರ್ಥ. ಇನ್ನೂ ಎಳೆದು ತೋಳು ನೋಯಿಸಿಕೊಳ್ಳಬೇಡಿ, ಪ್ಲಗ್ಗು ಬಿಚ್ಚಿ ಕಾಯಿಸಿ, ಇಲ್ಲವೇ ಎಂಜಿನ್ನನ್ನೇ ಮತ್ತೆ ಕಾಯಿಸಿ.

ಕೆರೆಯನ್ನು ಓದುವುದು

ನಾನು ಅತಿ ಹೆಚ್ಚು ತಪ್ಪು ಮಾಡಿದ್ದು ಇಲ್ಲೇ. ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸೂಚನೆಯಂತೆ ಒಬ್ಬ ಮನುಷ್ಯ ನಡೆಯಲು 4 ಅಂಗುಲ, ಅಂದರೆ 10 ಸೆಂಟಿಮೀಟರ್ ಹೊಸ ಸ್ವಚ್ಛ ಮಂಜುಗಡ್ಡೆ ಬೇಕು. ಚಿಕ್ಕ ಕಾರಿಗೆ 9ರಿಂದ 10 ಅಂಗುಲ. ಹಿಮ ನೆನೆದು ಕಟ್ಟಿದ ಬಿಳಿ ಗಡ್ಡೆಗೆ ಬಲ ಅರ್ಧವೇ, ಹಾಗಾಗಿ ದಪ್ಪ ದುಪ್ಪಟ್ಟಿರಬೇಕು. ನಮ್ಮ ವಿಮಾನ ಕಾರಿಗಿಂತ ಹಗುರವಾದರೂ ನಾವು ಕಾರಿನ ಲೆಕ್ಕವನ್ನೇ ಹಿಡಿಯುತ್ತೇವೆ. ಋತುವಿನ ಮೊದಲ ಇಳಿತಕ್ಕೆ ಮುಂಚೆ ಮೂವರಲ್ಲಿ ಇಬ್ಬರು ನಡೆದುಕೊಂಡು ಹೋಗಿ ಕೈಬೈರಿಗೆಯಿಂದ ಉದ್ದಕ್ಕೂ ತೂತು ಕೊರೆದು ಅಳೆಯುತ್ತಾರೆ. ಒಂದೇ ತೂತಿನ ಅಳತೆಯನ್ನು ನಂಬುವುದು ಅನ್ನದ ಅಗುಳಿನ ಗಾದೆಗೆ ಸರಿ, ಕೆರೆಗೆ ಸರಿಯಲ್ಲ. ಹೊಳೆ ಬಂದು ಸೇರುವಲ್ಲಿ, ಹೊರಹರಿಯುವಲ್ಲಿ, ಎರಡು ಕೆರೆಗಳ ನಡುವಿನ ಕಿರಿದಾದ ಕುತ್ತಿಗೆಯಲ್ಲಿ, ತಳದಲ್ಲಿ ಒರತೆಯಿರುವಲ್ಲಿ ನೂರು ಮಾರು ದೂರದ ದಪ್ಪದ ಕಾಲುಭಾಗವೂ ಇರಲಿಕ್ಕಿಲ್ಲ.

ಮೀನು ಹಿಡಿಯುವವರ ಗುಡಿಸಲು, ಅವರ ಪಿಕಪ್ ಟ್ರಕ್ಕು ಕೆರೆಯ ನಡುವೆ ನಿಂತಿದ್ದರೆ ಒಳ್ಳೆಯ ಸುದ್ದಿ. ಅವರ ಜೊತೆಗೆ ಅವರ ತೂತುಗಳು, ನಾಯಿಗಳು, ಮಕ್ಕಳು ಇರುತ್ತಾರೆಂಬುದೂ ನೆನಪಿರಲಿ. ಹಿಗ್ಗಿದ ಗಡ್ಡೆ ಒಡೆದು ಬದುವಿನಂತೆ ಎದ್ದು ನಿಂತಿದ್ದರೆ ಅದರ ಹತ್ತಿರ ಹೋಗಬೇಡಿ; ಪಕ್ಕದಲ್ಲೇ ತೆರೆದ ನೀರು ಇರಬಹುದು.

ಇವೆಲ್ಲಕ್ಕಿಂತ ಕೇಡಿನದು ಓವರ್‌ಫ್ಲೋ. ಹಿಮದ ಭಾರಕ್ಕೆ ಗಡ್ಡೆ ತಗ್ಗಿದಾಗ ಬಿರುಕಿನಿಂದ ನೀರು ಮೇಲೆ ಬರುತ್ತದೆ. ಮೇಲಿನ ಹಿಮ ಕಂಬಳಿಯಂತೆ ಹೊದ್ದಿರುವುದರಿಂದ ಆ ನೀರು ಹೆಪ್ಪುಗಟ್ಟುವುದಿಲ್ಲ. ಮೇಲಿನಿಂದ ಎಲ್ಲ ಬೆಳ್ಳಗೆ, ಶುಭ್ರವಾಗಿ ಕಾಣುತ್ತದೆ. ಇಳಿದಿರೋ, ನಾಟಿಗೆ ಹದ ಮಾಡಿದ ಕೆಸರುಗದ್ದೆ. ಗಡ್ಡೆ ಎಷ್ಟೇ ದಪ್ಪವಿರಲಿ ಇದು ಇರಬಹುದು, ದಪ್ಪ ಅಳೆದ ಮಾತ್ರಕ್ಕೆ ಇದು ತಿಳಿಯುವುದಿಲ್ಲ.

ಅದಕ್ಕೆ ಉಪಾಯವೊಂದೇ, ಮುಟ್ಟಿ ಏಳುವುದು. ಗಾಳಿಗೆ ಎದುರಾಗಿ ತಗ್ಗಾಗಿ ಬಂದು, ಎಂಜಿನ್ನಿನ ಬಲ ಕಡಿಮೆ ಮಾಡದೆ ಸ್ಕೀಗಳನ್ನು ಹಿಮಕ್ಕೆ ಹಗುರವಾಗಿ ತಾಗಿಸಿ ಇನ್ನೂರು ಮುನ್ನೂರು ಮೀಟರ್ ಗೆರೆ ಎಳೆಯಿರಿ. ನಿಲ್ಲಬೇಡಿ, ಭಾರವೆಲ್ಲ ಬಿಡಬೇಡಿ. ಎದ್ದು ಒಂದು ದೊಡ್ಡ ಸುತ್ತು ಹಾಕಿ, ನೀರು ಜಿನುಗುವುದಕ್ಕೆ ಸಮಯ ಕೊಟ್ಟು, ಬಂದು ಗೆರೆಗಳನ್ನು ನೋಡಿ. ಬೆಳ್ಳಗಿದ್ದರೆ ಸರಿ. ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗಿದ್ದರೆ ಬೇರೆ ಕೆರೆ ಹುಡುಕಿ. ಇಲ್ಲಿ ಕೆರೆಗಳಿಗೇನು ಬರವಿಲ್ಲ. ಒಂದು ಎಚ್ಚರ: ಉತ್ತರದ ಬೌಂಡರಿ ವಾಟರ್ಸ್ ಅರಣ್ಯದ ಮೇಲೆ ಸಮುದ್ರಮಟ್ಟದಿಂದ 4000 ಅಡಿಗಿಂತ ಕೆಳಗೆ ಹಾರುವುದನ್ನು 1949ರಲ್ಲೇ ಅಧ್ಯಕ್ಷ ಟ್ರೂಮನ್ ನಿರ್ಬಂಧಿಸಿದ್ದಾರೆ. ಉಳಿದ ಕೆರೆಗಳ ಸ್ಥಳೀಯ ನಿಯಮವನ್ನೂ ವಿಚಾರಿಸಿಕೊಳ್ಳಿ.

ಹಿಮಕ್ಕೂ ಗುಣಗಳಿವೆ. ಸೊನ್ನೆಯ ಹತ್ತಿರ ಅದು ಮುದ್ದೆಯಂತೆ ಅಂಟು. ಹತ್ತು ಡಿಗ್ರಿ ಕೆಳಗೆ ಚಿರೋಟಿ ರವೆಯಂತೆ ಉದುರುದುರು, ಸ್ಕೀಗೆ ಅದೇ ಹಬ್ಬ. ಇಪ್ಪತ್ತೈದಕ್ಕೂ ಕೆಳಗಿಳಿದರೆ ಮತ್ತೆ ಕಷ್ಟ: ತಿಕ್ಕಾಟದಿಂದ ಕರಗಿ ಜಾರಿಸುವ ನೀರಿನ ಪೊರೆಯೇ ಹುಟ್ಟದೆ ಒಣ ಮರಳಿನ ಮೇಲೆ ಎಳೆದಂತಾಗುತ್ತದೆ.

ಓಡಿಸುವುದು, ಏಳುವುದು

ಬ್ರೇಕಿಲ್ಲ ಎಂಬುದನ್ನು ಬುದ್ಧಿ ಒಪ್ಪುತ್ತದೆ, ಕಾಲು ಒಪ್ಪುವುದಿಲ್ಲ. ತಿರುಗಬೇಕಾದರೆ ಸ್ಟಿಕ್ (ಮೂಗನ್ನು ಏರಿಸಿ ಇಳಿಸುವ ಹಿಡಿಕೋಲು) ಮುಂದೆ ಒತ್ತಿ ಬಾಲವನ್ನು ಹಗುರ ಮಾಡಿ, ಬಾಲದ ಚುಕ್ಕಾಣಿಯಾದ ರಡ್ಡರ್ ಪೂರ್ತಿ ಕೊಟ್ಟು, ಎಂಜಿನ್ನಿನ ಬಲ ಏರಿಸುವ ಥ್ರಾಟಲ್ಲನ್ನು ಒಮ್ಮೆ ಜೋರಾಗಿ ತೆರೆದು ಮುಚ್ಚಿ. ತಿರುವು ಅಗಲವಾಗಿಯೇ ಇರುತ್ತದೆ. ಗಟ್ಟಿ ಗಡ್ಡೆಯ ಮೇಲೆ ಎಂಜಿನ್ ನಿಧಾನವಾಗಿ ತಿರುಗುತ್ತಿದ್ದರೂ ವಿಮಾನ ತೆವಳುತ್ತಲೇ ಇರುತ್ತದೆ. ಎಂಜಿನ್ ತಪಾಸಣೆಯನ್ನೂ ಹಾಗೆ ಓಡುತ್ತಲೇ ಮಾಡಬೇಕು. ಜನರಿರುವ ಕಡೆ ಸಾಗುತ್ತಿದ್ದರೆ ದೂರದಲ್ಲೇ ಎಂಜಿನ್ ನಿಲ್ಲಿಸಿ ಜಾರಿಕೊಂಡು ಹೋಗಿ.

ಮೆತ್ತನೆಯ ಹಿಮದಲ್ಲಿ ಮೊದಲ ಪ್ರಯತ್ನಕ್ಕೇ ಏಳುವ ಹಟ ಬೇಡ. ಅದೇ ಗೆರೆಯಲ್ಲಿ ಎರಡು ಸಲ ಹೋಗಿ ಬಂದು ದಾರಿ ತುಳಿಯಿರಿ, ಅರ್ಧ ಗಂಟೆ ಬಿಡಿ. ತುಳಿದ ಹಿಮದ ಹರಳುಗಳು ತಮ್ಮಷ್ಟಕ್ಕೆ ಬೆಸೆದುಕೊಂಡು ಗಟ್ಟಿಯಾಗುತ್ತವೆ. ಹೊರಡುವಾಗ ಸ್ಟಿಕ್ ಹಿಂದೆ ಹಿಡಿದು ಸ್ಕೀಗಳ ಮೂತಿ ಎತ್ತಿ, ವೇಗ ಬಂದಂತೆ ಸಡಿಲಿಸುತ್ತ ವಿಮಾನ ಹಗುರವಾಗಿ ಜಾರುವ ಭಂಗಿಯನ್ನು ಹುಡುಕಿ. ಎಲ್ಲಿಗೆ ಬರುವಷ್ಟರಲ್ಲಿ ಏಳಲೇಬೇಕೆಂದು ಒಂದು ಗುರುತು ಇಟ್ಟುಕೊಳ್ಳಿ. ಏಳದಿದ್ದರೆ ಥ್ರಾಟಲ್ ಮುಚ್ಚಿ, ಮರಳಿ. ಚಳಿಯ ಗಾಳಿ ದಟ್ಟವಾಗಿರುವುದರಿಂದ 65 ಕುದುರೆಗಳು ಚಳಿಗಾಲದಲ್ಲಿ ಎಂಬತ್ತರಂತೆ ಎಳೆಯುತ್ತವೆ ಅನಿಸುತ್ತದೆ. ಹಿಮ ಆ ಲಾಭವನ್ನೆಲ್ಲ ತಿಂದುಹಾಕಬಲ್ಲದು.

ಇಳಿಯುವುದು

ಬಿಸಿಲಿದ್ದರೆ ನೆರಳುಗಳು ನೆಲ ತೋರಿಸುತ್ತವೆ. ಮೋಡ ಕವಿದ ದಿನ ಆಕಾಶವೂ ಕೆರೆಯೂ ಒಂದೇ ಬಿಳುಪಾಗಿ ಎತ್ತರವೇ ತಿಳಿಯುವುದಿಲ್ಲ. ಹಾಲಿನ ಬಟ್ಟಲೊಳಗೆ ಕೂತಂತೆ. ಆಗ ಕೆರೆಯ ನಡುವೆ ಇಳಿಯಬೇಡಿ, ಮರಗಳ ಸಾಲಿರುವ ದಡಕ್ಕೆ ಸಮಾನಾಂತರವಾಗಿ ಬನ್ನಿ. ಚಾಂಪ್‌ನಲ್ಲಿ ಗಂಟೆಗೆ 60 ಮೈಲಿ ಹಿಡಿದು, ಎಂಜಿನ್ನಿನ ಬಲ ಉಳಿಸಿಕೊಂಡು, ನಿಮಿಷಕ್ಕೆ 150 ಅಡಿಗಿಂತ ಹೆಚ್ಚಿಲ್ಲದಂತೆ ಇಳಿಯುತ್ತ ಹಿಮವೇ ಬಂದು ತಾಗುವವರೆಗೆ ಅದೇ ಭಂಗಿಯಲ್ಲಿರಿ. ನೆಲ ಬಂತೆಂದು ಊಹಿಸಿ ಮೂಗೆತ್ತಿದವರು ಹತ್ತು ಅಡಿ ಮೇಲಿನಿಂದ ಧೊಪ್ಪೆಂದು ಬಿದ್ದಿದ್ದಾರೆ. ಪೈನ್ ಕೊಂಬೆಗಳನ್ನು ಮೊದಲೇ ಕಿಟಕಿಯಿಂದ ಚೆಲ್ಲಿ ಗುರುತು ಮಾಡಿಕೊಳ್ಳುವವರೂ ಇದ್ದಾರೆ.

ಮುಟ್ಟಿದ ಮೇಲೆ ನಿಲ್ಲಬೇಡಿ. ವೇಗವಿರುವಾಗಲೇ ಅಗಲವಾಗಿ ತಿರುಗಿ ನಿಮ್ಮದೇ ಗೆರೆಯ ಮೇಲೆ ಬಂದು, ಹೊರಡುವ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಿ.

ಅಂಟಿದರೆ, ಹೂತರೆ

ಜಾರಿ ಬಂದ ಸ್ಕೀಯ ತಳ ಸ್ವಲ್ಪ ಬೆಚ್ಚಗಿರುತ್ತದೆ. ನಿಂತೊಡನೆ ಕೆಳಗಿನ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿ ಗಾರೆ ಹಾಕಿದಂತೆ ಹಿಡಿದುಕೊಳ್ಳುತ್ತದೆ. ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಾದರೆ ಸ್ಕೀಗಳನ್ನು ಮರದ ಹಲಗೆ, ಕೊಂಬೆ ಅಥವಾ ದಪ್ಪ ಪ್ಲಾಸ್ಟಿಕ್ ಚೀಲದ ಮೇಲೆ ಏರಿಸಿ. ನಾನು ಒಮ್ಮೆ ಬರೀ ಒಂದು ಸಿಗರೇಟಿನಷ್ಟು ಹೊತ್ತು ಎಂದು ಚೀಲ ಹಾಕದೆ ಬಿಟ್ಟೆ, ಸೇದಿದ್ದೂ ನಾನಲ್ಲ. ಬಿಡಿಸಲು ಒಂದು ಗಂಟೆ ಹಿಡಿಯಿತು. ಬಿಡಿಸುವ ಕ್ರಮ: ಒಬ್ಬರು ಬಾಲದ ಬಳಿಯ ಹಿಡಿಕೆ ಹಿಡಿದು ಅತ್ತಿತ್ತ ಆಡಿಸಬೇಕು, ಒಳಗಿನವರು ಬಲ ಕೊಡಬೇಕು. ರೆಕ್ಕೆಯ ಆನಿಕೆಗೆ ಭುಜ ಕೊಟ್ಟು ನೂಕುವುದಾದರೆ ಪ್ರೊಪೆಲ್ಲರಿಗೆ ಬೆನ್ನು ಮಾಡಿ ಹಿಂದಕ್ಕೆ ಹೋಗುವ ದಾರಿಯನ್ನು ಮೊದಲೇ ಮಾತಾಡಿಕೊಂಡಿರಬೇಕು.

ಓವರ್‌ಫ್ಲೋದಲ್ಲಿ ಹೂತರೆ ಅವಸರ ಮಾಡಬೇಡಿ. ಎಂಜಿನ್ ಅಬ್ಬರಿಸಿದಷ್ಟೂ ಆಳಕ್ಕಿಳಿಯುತ್ತದೆ. ಮರದ ಗಳುವಿನಿಂದ ಮೀಟಿ ಒಂದೊಂದೇ ಸ್ಕೀ ಎತ್ತಿ, ಅಡಿಗೆ ಮರ ಕೊಟ್ಟು, ತಳಕ್ಕೆ ಕಟ್ಟಿದ ಗಡ್ಡೆಯನ್ನು ಕೆರೆದು ತೆಗೆಯಿರಿ. ಮುಂದಿನ ದಾರಿಯ ಹಿಮವನ್ನು ತುಳಿದು ನೀರನ್ನು ಚಳಿಗೆ ತೆರೆದಿಡಿ. ರಾತ್ರಿ ಕಳೆದರೆ ಗಟ್ಟಿ ರಸ್ತೆಯಾಗಿರುತ್ತದೆ. 1937ರಲ್ಲಿ ಅಲಾಸ್ಕದ ಪೈಲಟ್ ಬಾಬ್ ರೀವ್, ಪರ್ವತಾರೋಹಿ ಬ್ರಾಡ್‌ಫರ್ಡ್ ವಾಶ್‌ಬರ್ನ್‌ನನ್ನು ವಾಲ್ಶ್ ಹಿಮನದಿಯ ಮೇಲಿಳಿಸಿ ಕೆಸರಿನಂಥ ಹಿಮದಲ್ಲಿ ಹೂತು ಹಲವು ದಿನ ಅಲ್ಲೇ ಉಳಿಯಬೇಕಾಯಿತು. ಅದೇ ರೀವ್ ಬೇಸಿಗೆಯಲ್ಲಿ ವಾಲ್ಡೀಜ್ ಊರಿನ ಸಮುದ್ರದ ಕೆಸರುಬಯಲಿನಿಂದ ಸ್ಕೀ ಮೇಲೇ ಏಳುತ್ತಿದ್ದ. ಕಂಬಳದ ಗದ್ದೆಯಲ್ಲಿ ಅಡ್ಡ ಹಲಗೆಯ ಓಟ ನೋಡಿದವರಿಗೆ ಇದು ಅಸಾಧ್ಯವೆನಿಸುವುದಿಲ್ಲ.

ಈ ರಾತ್ರಿ ಕಳೆಯುವ ಸಾಧ್ಯತೆಗೇ ಚೀಲ ಕಟ್ಟಿಕೊಳ್ಳಬೇಕು: ಹಿಮಪಾದುಕೆ, ಸಲಿಕೆ, ಕೊಡಲಿ, ಮಲಗುವ ಚೀಲ, ಬೆಂಕಿಪೊಟ್ಟಣ, ಪಾತ್ರೆ, ತಿಂಡಿ. ಮೊಬೈಲ್ ಅಂಗಿಯೊಳಗೆ ಮೈಗೆ ತಾಗಿಯೇ ಇರಲಿ, ಹೊರಗಿಟ್ಟರೆ ಬ್ಯಾಟರಿ ಸಾಯುತ್ತದೆ. ಉಡುವ ಬಟ್ಟೆ ಕ್ಯಾಬಿನ್ನಿಗಲ್ಲ, ನಡೆದು ಮನೆ ಸೇರುವುದಕ್ಕೆ ತಕ್ಕಂತಿರಬೇಕು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ.

ಜೊತೆಗಾರರು

ಎರಡು ವಿಮಾನ ಒಟ್ಟಿಗೆ ಹೋದರೆ ಒಂದು ಮೊದಲು ಇಳಿಯಲಿ, ಇನ್ನೊಂದು ಮೇಲೆ ಸುತ್ತುತ್ತಿರಲಿ. ಹೂತರೆ ಎರಡೂ ಹೂಳುವುದು ಬೇಡ. ಈ ಶಿಸ್ತನ್ನು ಕಲಿಯಲು ಚಳಿಗಾಲದ ಮೇಳಗಳು ಒಳ್ಳೆಯ ಜಾಗ. ವಿಸ್ಕಾನ್ಸಿನ್‌ನ ಆಶ್‌ಕಾಶ್‌ನಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ನಿನವರು, 1953ರ ಜನವರಿಯಲ್ಲಿ ಹುಟ್ಟಿದ ಸಂಸ್ಥೆ ಅದು, ಪಯೊನೀರ್ ಏರ್‌ಪೋರ್ಟ್‌ನ ಹುಲ್ಲುಹಾಸಿನ ಮೇಲಿನ ಹಿಮದಲ್ಲಿ ಸ್ಕೀ ವಿಮಾನಗಳನ್ನು ಸೇರಿಸುತ್ತಾರೆ. ನ್ಯೂಹ್ಯಾಂಪ್‌ಶೈರಿನ ಆಲ್ಟನ್ ಬೇಯಲ್ಲಿ ಕೆರೆಯ ಗಡ್ಡೆಯ ಮೇಲೆಯೇ ಅಧಿಕೃತ ರನ್‌ವೇ ತೆರೆಯುತ್ತದೆ, ಚಕ್ರದವರೂ ಇಳಿಯುತ್ತಾರೆ. ಅಂಥಲ್ಲಿ ಇನ್ನೊಬ್ಬರ ಬಂಜೀ ಕಟ್ಟಿದ ರೀತಿ, ಸ್ಕೀಯ ತಳ, ಎಂಜಿನ್ನಿನ ಹೊದಿಕೆ ಇವನ್ನೆಲ್ಲ ಬಗ್ಗಿ ನೋಡಿ, ಕೇಳಿ. ಯಾರೂ ಬೇಸರಿಸುವುದಿಲ್ಲ, ಬದಲಿಗೆ ಬಿಡುವುದಿಲ್ಲ. ನಮ್ಮ ಹಿರಿಯರಿಗೆ ಹಳೆಯ ಫೆಡರಲ್ ಸ್ಕೀಯ ಬಗ್ಗೆ ಒಂದು ಪ್ರಶ್ನೆ ಕೇಳಿ ನಾನು ಮಧ್ಯಾಹ್ನದ ಊಟ ತಪ್ಪಿಸಿಕೊಂಡಿದ್ದೇನೆ.

ಬಿಚ್ಚುವುದು

ಮಾರ್ಚಿನಲ್ಲಿ ಹಗಲು ಕರಗಿ ರಾತ್ರಿ ಕಟ್ಟುವ ಆಟ ಶುರುವಾಗುತ್ತದೆ. ಗಡ್ಡೆ ಇನ್ನೂ ದಪ್ಪವಾಗಿಯೇ ಕಾಣುತ್ತದೆ, ಆದರೆ ಒಳಗೆ ನಿಂತ ಕಡ್ಡಿಗಳಂತೆ ಬಿಡಿಬಿಡಿಯಾಗಿ ಕೊಳೆಯುತ್ತಿರುತ್ತದೆ. ಬೈರಿಗೆ ಇಟ್ಟಾಗ ಕರಕರ ಸದ್ದಿಲ್ಲದೆ ಸಲೀಸಾಗಿ ಇಳಿದರೆ ಆ ವರ್ಷದ ಕೆರೆ ಮುಗಿಯಿತು. ವಿಮಾನ ನಿಲ್ದಾಣದಲ್ಲಿ ಹಿಮ ಉಳಿದಿರುವಾಗಲೇ ಮನೆಗೆ ತನ್ನಿ. ಡಾಂಬರು ಬಯಲಾದ ಮೇಲೆ ನೇರ ಸ್ಕೀಯಲ್ಲಿ ಇಳಿಯಲು ಜಾಗವಿರುವುದಿಲ್ಲ. ಒಂದು ವರ್ಷ ನಾವು ಇನ್ನೊಂದೇ ಭಾನುವಾರ ಎಂದು ಆಸೆಪಟ್ಟು, ಕೊನೆಗೆ ರೈತರ ಜೋಳದ ಹೊಲದಲ್ಲಿ ಉಳಿದ ಒಂದು ಪಟ್ಟಿ ಹಿಮದ ಮೇಲಿಳಿದು ಅಲ್ಲೇ ಚಕ್ರ ಹಾಕಿದೆವು.

ಬಂಜೀಗಳನ್ನು ಬಿಚ್ಚಿ ಕತ್ತಲಲ್ಲಿಡಿ, ಬಿಸಿಲು ರಬ್ಬರಿಗೆ ಶತ್ರು. ಹಾಕಿದ ತಾರೀಖು ಬರೆದ ಚೀಟಿ ಕಟ್ಟಿ. ಕೇಬಲ್ಲುಗಳ ಮೇಲೆ ಬಟ್ಟೆ ಎಳೆದು ನೋಡಿ, ಎಳೆ ಸಿಕ್ಕಿಕೊಂಡರೆ ಒಂದು ತಂತಿ ತುಂಡಾಗಿದೆ, ಕೇಬಲ್ ಎಸೆಯಿರಿ. ಸ್ಕೀಗಳನ್ನು ತೊಳೆದು, ಅಚ್ಚಿನ ತೂತಿಗೆ ಗ್ರೀಸ್ ತುಂಬಿ, ಗೋಡೆಗೆ ಒರಗಿಸಿ. ಎಡ, ಬಲ ಎಂದು ಬಣ್ಣದಲ್ಲಿ ಬರೆಯಿರಿ. ನಾವು ಬರೆದಿಲ್ಲ, ಪ್ರತಿ ಡಿಸೆಂಬರಿನಲ್ಲೂ ಅದಕ್ಕೇ ಅರ್ಧ ಗಂಟೆ ಜಗಳವಾಗುತ್ತದೆ.